ಮಾರಿಕಣಿವೆ 1934ರಲ್ಲಿ ಕೋಡಿ ಬೀಳಲಿಲ್ಲ

ನಮ್ಮ ದೊಡ್ಡಪ್ಪ 1984ರಿಂದ ಮಳೆ ಬರೆದಿಡುತ್ತಾ ಬಂದಿದ್ದಾರೆ. ಯಾವ ನಕ್ಷತ್ರದ ಮಳೆ, ಎಷ್ಟನೇ ಪಾದದಲ್ಲಿ ಬಂತು, ಹದ ಆಯಿತೋ ಬರೀ ಧೂಳು ಅಡಗಿತೋ, ಆ ವಾರ ಹೊಲಕ್ಕೆ ಏನು ಬಿತ್ತಿದರು, ಕೆರೆಗೆ ನೀರು ಬಂತೋ ಇಲ್ಲವೋ, ಇಷ್ಟೇ ಅದರಲ್ಲಿರುವುದು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರಾದ್ದರಿಂದ ನಡುನಡುವೆ ಒಂದು ಗಾದೆ, ಯಾರಾದರೂ ಹಿರಿಯರು ಆಡಿದ ಒಂದು ಮಾತು. ಎಲ್ಲವೂ ಗೊಬ್ಬರದಂಗಡಿಯವರು, ವಿಮಾ ಏಜೆಂಟರು ವರ್ಷದ ಮೊದಲಿಗೆ ಪುಕ್ಕಟೆ ಹಂಚುವ ಡೈರಿಗಳಲ್ಲಿ. ಊರು ಹಿರಿಯೂರು ತಾಲ್ಲೂಕಿನಲ್ಲಿದೆ, ಮಾರಿಕಣಿವೆ ಅಂತ ಕರೆಯುವ ವಾಣಿವಿಲಾಸ ಸಾಗರ ಅಣೆಕಟ್ಟು ಇರುವ ತಾಲ್ಲೂಕು. ಮಳೆ ಬಂದರೆ ಸುದ್ದಿಯಾಗುವ ಸೀಮೆ ಅದು, ಬರೆದಿಡಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಾಗ ಹೊತ್ತು ಹೋಗದೆ ಆ ಡೈರಿಗಳನ್ನು ಫೋನಿನಲ್ಲಿ ಟೈಪ್ ಮಾಡಲು ಶುರು ಮಾಡಿದೆ. ಸಾದಾ ಪಠ್ಯದ ಫೈಲುಗಳು, ವರ್ಷಕ್ಕೊಂದು. ತಲೆಬರಹ ಇದ್ದಲ್ಲಿ ಮುಂದೆ # ಗುರುತು, ಒತ್ತು ಕೊಡಬೇಕಾದ ಪದಕ್ಕೆ ಆಚೀಚೆ * ಗುರುತು, ಪಟ್ಟಿಗೆ ಅಡ್ಡಗೆರೆ. ಮಾರ್ಕ್‌ಡೌನ್ ಅನ್ನುತ್ತಾರಲ್ಲ, ಅದೇ. 2004ರಲ್ಲಿ ಜಾನ್ ಗ್ರೂಬರ್ ಎಂಬಾತ ರೂಪಿಸಿದ್ದು, ಆರನ್ ಸ್ವಾರ್ಟ್ಜ್ ಕೈಜೋಡಿಸಿದ್ದು. ಫೋನಿನಲ್ಲಿ, ಲ್ಯಾಬಿನ ಕಂಪ್ಯೂಟರಿನಲ್ಲಿ, ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ, ಎಲ್ಲಿ ತೆರೆದರೂ ಒಂದೇ ಥರ ಕಾಣುತ್ತದೆ, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಮೂರು ವರ್ಷ ಆಗಾಗ ಕೂತು 1984ರಿಂದ 2022ರವರೆಗೆ 39 ಫೈಲು ಆಯಿತು. ಜೊತೆಗೆ ಗಾದೆಗಳದ್ದೊಂದು, ಕೆರೆಗಳು ಕೋಡಿ ಬಿದ್ದ ವರ್ಷಗಳದ್ದೊಂದು. ಒಟ್ಟು 41.

2023ರ ಯುಗಾದಿಗೆ ಊರಿಗೆ ಹೋದಾಗ ಹೆಮ್ಮೆಯಿಂದ ಫೋನ್ ತೋರಿಸಿದೆ. ದೊಡ್ಡಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, "ಚೆನ್ನಾಗೈತೆ ಕಣಪ್ಪ. ಈ ಏಣಿ ಗುರುತು ಯಾಕೆ ಎಲ್ಲಾ ಕಡೆ?" ಅಂದರು.

"ಅದು ತಲೆಬರಹ ಅಂತ ಗುರುತು, ದೊಡ್ಡಪ್ಪ."

"ತಲೆಬರಹ ಆದ್ರೆ ದೊಡ್ಡಕ್ಷರದಲ್ಲಿ ಇರಬೇಕಪ್ಪ, ಏಣಿ ಹತ್ತಿಸಿದ್ರೆ ಆಗುತ್ತಾ? ನನ್ನ ಕಂಪ್ಯೂಟರಿಗೆ ಬರೋ ಹಂಗೆ ಮಾಡಿಕೊಡು. ಓದೋಕಷ್ಟೇ ಅಲ್ಲ, ನಾನು ತಿದ್ದಬೇಕು."

ಆ "ತಿದ್ದಬೇಕು" ಅನ್ನುವ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮಾರನೇ ವಾರ ಪಿಡಿಎಫ್ ಮಾಡಿ ಕಳಿಸಿದೆ. "ಇದರಲ್ಲಿ ಕರ್ಸರ್ರೇ ನಿಲ್ಲಲ್ಲವಲ್ಲೋ" ಅಂತ ಫೋನ್ ಬಂತು. ನಿಜ, ಪಿಡಿಎಫ್ ಅಂದರೆ ಗಾಜಿನ ಚೌಕಟ್ಟು ಹಾಕಿಸಿದ ಫೋಟೋ ಇದ್ದ ಹಾಗೆ. ಅವರ ಮನೆಯ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಮತ್ತು ಲಿಬ್ರೆಆಫೀಸ್ ಹಾಕಿಕೊಟ್ಟವನು ನಾನೇ. ಹಾಗಾಗಿ ಬೇಕಾಗಿದ್ದು ಓಡಿಟಿ ಫೈಲು, ಅಂದರೆ ಲಿಬ್ರೆಆಫೀಸಿನಲ್ಲಿ ಬರೆಯುವುದಕ್ಕಿರುವ ರೈಟರಿನಲ್ಲಿ ತೆರೆದು ತಿದ್ದಬಹುದಾದ ದಾಖಲೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ರೈಟರ್ ತೆರೆದೆ, ಪಠ್ಯ ಕಾಪಿ ಮಾಡಿ ಅಂಟಿಸಿದೆ, ಏಣಿಗಳನ್ನು ಒಂದೊಂದಾಗಿ ಅಳಿಸಿ ತಲೆಬರಹ ದಪ್ಪ ಮಾಡುತ್ತಾ ಹೋದೆ. ಒಂದು ರಾತ್ರಿಗೆ ಮೂರು ಫೈಲು ಆಯಿತು. ಬೆಳಗ್ಗೆ ನೋಡಿದರೆ ಮೂರರಲ್ಲಿ ಮೂರು ಥರದ ತಲೆಬರಹ. ಒಂದರಲ್ಲಿ 16 ಅಳತೆ, ಇನ್ನೊಂದರಲ್ಲಿ 18, ಮತ್ತೊಂದರಲ್ಲಿ ಅಡಿಗೆರೆ ಬೇರೆ. ಉಳಿದ 38ಕ್ಕೆ ಹೀಗೆ ಕೂತರೆ ಮುಂದಿನ ಯುಗಾದಿಯೇ ಗತಿ.

ಲ್ಯಾಬಿನ ನಮ್ಮ ಸೀನಿಯರ್ ಒಬ್ಬರು ಪ್ಯಾಂಡಾಕ್ ಬಳಸು ಅಂದರು. ಹೆಸರು ಕೇಳಿದ್ದೆ, ಮುಟ್ಟಿರಲಿಲ್ಲ. ಒಂದು ಗುರುತಿನ ಭಾಷೆಯಿಂದ ಇನ್ನೊಂದಕ್ಕೆ ದಾಖಲೆ ಪರಿವರ್ತಿಸುವ ಪ್ರೋಗ್ರಾಂ ಅದು. ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ: ಯಾವ ಫೈಲು, ಯಾವ ಹೆಸರಿನಲ್ಲಿ ಹೊರಗೆ ಬರಬೇಕು, ಮುಗಿಯಿತು. ಹೆಸರಿನ ಕೊನೆಯಲ್ಲಿ ಓಡಿಟಿ ಅಂತ ಇದ್ದರೆ ಓಡಿಟಿ ಮಾಡಬೇಕು ಅಂತ ಅದೇ ತಿಳಿದುಕೊಳ್ಳುತ್ತದೆ. ಬರೆದವರು ಜಾನ್ ಮ್ಯಾಕ್‌ಫಾರ್ಲೇನ್, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. 2006ರಲ್ಲಿ ಮೊದಲು ಹೊರಬಂತು, ಹ್ಯಾಸ್ಕೆಲ್ ಭಾಷೆಯಲ್ಲಿದೆ. ತತ್ವಶಾಸ್ತ್ರದ ಮೇಷ್ಟ್ರು ಅಂತ ಹೇಳಿದ್ದಕ್ಕೆ ದೊಡ್ಡಪ್ಪನಿಗೆ ಆ ತಂತ್ರಾಂಶದ ಮೇಲೆ ನನಗಿಂತ ಹೆಚ್ಚು ನಂಬಿಕೆ ಬಂತು.

ಒಂದು ವರ್ಷದ ಫೈಲು ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಟಿ ತಯಾರು. ತಲೆಬರಹಗಳು ನಿಜವಾದ ತಲೆಬರಹಗಳೇ ಆಗಿದ್ದವು. ರೈಟರಿನ ಪಕ್ಕದ ನ್ಯಾವಿಗೇಟರ್ ಪಟ್ಟಿಯಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಸಾಲಾಗಿ ನಿಂತಿದ್ದವು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಒಂದು ರಾತ್ರಿ ನಿದ್ದೆ ಉಳಿಯುತ್ತಿತ್ತಲ್ಲ ಅಂದುಕೊಂಡು ಎದ್ದು ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದೆ. ಬಂದ ಮೇಲೆ ಶುರುವಾಯಿತು ನಿಜವಾದ ಕೆಲಸ.

ಅಕ್ಷರ ತೆಳ್ಳಗೆ, ಚಿಕ್ಕದಾಗಿ ಬಂದಿತ್ತು. ದೊಡ್ಡಪ್ಪನ ವಯಸ್ಸಿಗೆ ಆಗದು. ಶೈಲಿಗಳ ಪಟ್ಟಿಯಲ್ಲಿ ಪಠ್ಯದ ಶೈಲಿ ತೆರೆದು ಫಾಂಟನ್ನು ನೋಟೊ ಸೆರಿಫ್ ಕನ್ನಡ ಮಾಡಿ, ಅಳತೆ 14 ಕೊಟ್ಟು ಓಕೆ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಮಾಡಿದೆ. 20 ಕೊಟ್ಟೆ. 36 ಕೊಟ್ಟೆ. ಕನ್ನಡ ಅಲ್ಲಾಡಲಿಲ್ಲ. ಒಂದೆಡೆ ಬೋರ್‌ವೆಲ್ ಕಂಪನಿಯ ಹೆಸರು ಇಂಗ್ಲಿಷಿನಲ್ಲಿತ್ತು, ಅದು ಮಾತ್ರ ಪುಟದ ಮಧ್ಯೆ ಹಲಗೆಯಷ್ಟು ದಪ್ಪವಾಗಿ ಎದ್ದು ಕೂತಿತು. ಆಗ ತಲೆಗೆ ಹೋಯಿತು, ಬದಲಾಗುತ್ತಿರುವುದು ಇಂಗ್ಲಿಷಿನ ಫಾಂಟು, ಕನ್ನಡದ್ದಲ್ಲ.

ಇದರ ಹಿಂದಿನ ಲೆಕ್ಕ ಹೀಗಿದೆ. ಓಡಿಟಿ ಫೈಲುಗಳ ಹಿಂದಿರುವ ಓಡಿಎಫ್ ಎಂಬ ಮುಕ್ತ ಮಾನಕದಲ್ಲಿ ಪ್ರತಿ ಶೈಲಿಗೂ ಮೂರು ಫಾಂಟು ಇರುತ್ತವೆ. ಇಂಗ್ಲಿಷಿನಂಥ ಪಾಶ್ಚಾತ್ಯ ಲಿಪಿಗೆ ಒಂದು, ಚೀನಿ ಜಪಾನಿಯಂಥವಕ್ಕೆ ಒಂದು, ಅರಬ್ಬಿ, ಹೀಬ್ರೂ, ಭಾರತೀಯ ಲಿಪಿಗಳಿಗೆ ಇನ್ನೊಂದು. ಮೂರನೆಯದಕ್ಕೆ "ಕಾಂಪ್ಲೆಕ್ಸ್" ಅಂತ ಹೆಸರು. ಅಕ್ಷರದ ಅಳತೆಯೂ ಮೂರು, ದಪ್ಪವೂ ಮೂರು. ನಾವು ಕನ್ನಡಿಗರು ಆ ಮೂರನೇ ಕೋಣೆಯ ಬಾಡಿಗೆದಾರರು. ಲಿಬ್ರೆಆಫೀಸಿನ ಆಯ್ಕೆಗಳಲ್ಲಿ ಭಾಷೆಗಳ ಪುಟಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವುದಕ್ಕೆ ಟಿಕ್ ಹಾಕದಿದ್ದರೆ ಆ ಕೋಣೆಯ ಬಾಗಿಲೇ ಕಾಣುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಟಿಕ್ ಇರಲಿಲ್ಲ. ಹಾಕಿದ ಮೇಲೆ ಫಾಂಟಿನ ಕಿಟಕಿಯಲ್ಲಿ ಹೊಸ ಜಾಗ ಮೂಡಿತು. ಅಲ್ಲಿ 14 ಅಂತ ಕೊಟ್ಟ ತಕ್ಷಣ ಇಡೀ ಪುಟ ಉಸಿರು ಬಿಟ್ಟ ಹಾಗಾಯಿತು.

ಸಾವಿರಕ್ಕೂ ಹೆಚ್ಚು ವರ್ಷ ಬರೆದ ಲಿಪಿಯನ್ನು "ಕಾಂಪ್ಲೆಕ್ಸ್" ಅನ್ನುತ್ತಾರಲ್ಲ ಅಂತ ಸ್ವಲ್ಪ ಸಿಟ್ಟೂ ಬಂತು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೊಂಬು ಪಕ್ಕಕ್ಕೆ ಹೋಗುತ್ತದೆ, ಅರ್ಕಾವತ್ತು ಹಿಂದಿನದ್ದು ಮುಂದೆ ಬರುತ್ತದೆ. ಯಂತ್ರದ ಕಡೆಯಿಂದ ನೋಡಿದರೆ ಜಟಿಲವೇ ಇರಬೇಕು. ಒಂದು ಎಡವಟ್ಟು ಮಾತ್ರ ಉಳಿಯಿತು. ಬರೀ ಅಂಕಿಗಳಿರುವ ಪಟ್ಟಿಯ ಮನೆಗಳು ಪಾಶ್ಚಾತ್ಯದ ಕೋಣೆಯಲ್ಲೇ ಇದ್ದವು. ಕನ್ನಡ 14ರಲ್ಲಿ, ಪಕ್ಕದ ತಾರೀಖು 36ರಲ್ಲಿ. ಎರಡೂ ಕಡೆ ಒಂದೇ ಅಳತೆ ಕೊಟ್ಟು ಸರಿಮಾಡಿದೆ.

ಆದರೆ ಇದನ್ನೆಲ್ಲ ಒಂದು ಓಡಿಟಿಯೊಳಗೆ ಮಾಡಿದ್ದೆ. ಡೈರಿಯ ಫೈಲಿನಲ್ಲಿ ಒಂದು ಕಾಗುಣಿತ ತಿದ್ದಿ ಮತ್ತೆ ಪರಿವರ್ತಿಸಿದೆ, ಹಳೇ ತೆಳ್ಳಗಿನ ಅಕ್ಷರವೇ ವಾಪಸ್ ಬಂತು. ಮಾಡಿದ್ದೆಲ್ಲ ನೀರಿಗೆ.

ಇದಕ್ಕೆ ಪ್ಯಾಂಡಾಕ್‌ನಲ್ಲಿ ಒಂದು ದಾರಿ ಇದೆ, ಈ ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಪ್ಯಾಂಡಾಕ್ ತನ್ನೊಳಗೆ ಒಂದು ಮಾದರಿ ಓಡಿಟಿ ಇಟ್ಟುಕೊಂಡಿರುತ್ತದೆ. ಕೇಳಿದರೆ ಅದನ್ನು ಹೊರಗೆ ಕೊಡುತ್ತದೆ. ಅದನ್ನು ರೈಟರಿನಲ್ಲಿ ತೆರೆದು ಶೈಲಿಗಳನ್ನು ನಮಗೆ ಬೇಕಾದಂತೆ ಬದಲಿಸಿ ಉಳಿಸಿಕೊಳ್ಳಬೇಕು. ಮುಂದಿನ ಸಲ ಪರಿವರ್ತಿಸುವಾಗ "ರೆಫರೆನ್ಸ್ ಡಾಕ್" ಅನ್ನುವ ಆಯ್ಕೆಯಲ್ಲಿ ಅದರ ಹೆಸರು ಕೊಟ್ಟರೆ ಆ ಬಟ್ಟೆಯನ್ನೇ ಹೊಸ ಪಠ್ಯಕ್ಕೆ ತೊಡಿಸುತ್ತದೆ. ದರ್ಜಿಗೆ ಅಳತೆಗೆ ಅಂತ ಹಳೇ ಅಂಗಿ ಕೊಡುತ್ತೇವಲ್ಲ, ಹಾಗೆ. ಅಂಗಿಯ ಜೇಬಿನಲ್ಲಿ ಏನಿದೆ ಅಂತ ದರ್ಜಿ ನೋಡುವುದಿಲ್ಲ.

ಜೇಬಿನ ಮಾತು ಯಾಕೆ ಬಂತು ಅಂದರೆ, ನಾನು ಆ ಮಾದರಿ ಫೈಲಿನ ಮೇಲ್ಭಾಗದಲ್ಲಿ "ಮಳೆ ಡೈರಿ" ಅಂತ ದೊಡ್ಡದಾಗಿ ಬರೆದು, ಕೆಳಗೆ ದೊಡ್ಡಪ್ಪನ ಹೆಸರು ಹಾಕಿ, ಬಣ್ಣ ಬಳಿದು ಉಳಿಸಿದ್ದೆ. ಪರಿವರ್ತಿಸಿದ ಫೈಲಿನಲ್ಲಿ ಅದರ ಸುಳಿವೇ ಇರಲಿಲ್ಲ. ಮಾದರಿಯ ಒಳಗೆ ಬರೆದದ್ದನ್ನು ಪ್ಯಾಂಡಾಕ್ ತಿರುಗಿಯೂ ನೋಡುವುದಿಲ್ಲ, ಶೈಲಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪದವನ್ನು ಆಯ್ಕೆ ಮಾಡಿ ಮೇಲಿನ ಗುಂಡಿ ಒತ್ತಿ ದಪ್ಪ ಮಾಡಿದ್ದೂ ಹಾಗೆಯೇ ಹೋಗುತ್ತದೆ, ಅದು ಆ ಪದಕ್ಕೆ ಅಂಟಿದ್ದೇ ಹೊರತು ಶೈಲಿಗೆ ಸೇರಿದ್ದಲ್ಲ. ಆದರೆ ಪುಟದ ಅಳತೆ, ಅಂಚು, ಅಡಿಯಲ್ಲಿ ಹಾಕಿದ ಪುಟಸಂಖ್ಯೆ ಇವೆಲ್ಲ ಪುಟದ ಶೈಲಿಗೆ ಸೇರಿದ್ದರಿಂದ ಬರುತ್ತವೆ. ಎ4 ಮಾಡಿದೆ, ಬೈಂಡಿಂಗ್‌ಗೆ ಎಡಗಡೆ ಜಾಗ ಬಿಟ್ಟೆ, ಮೊದಲ ಹಂತದ ತಲೆಬರಹಕ್ಕೆ "ಹೊಸ ಪುಟದಿಂದ ಶುರು" ಅಂತ ಕೊಟ್ಟೆ. ಅಷ್ಟಕ್ಕೇ 39 ವರ್ಷಗಳೂ ತಂತಮ್ಮ ಪುಟ ಹಿಡಿದವು. ಒಂದು ರಾತ್ರಿಗೆ ಮೂರು ಫೈಲು ಮಾಡಿದವನಿಗೆ ಇದು ಎಷ್ಟು ಖುಷಿ ಕೊಡುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಒಂದು ಸಂಜೆ ಕರೆಂಟು ಹೋಗಿ ಬ್ಯಾಟರಿಯಲ್ಲಿ ಕೂತಿದ್ದಾಗ ಕುತೂಹಲಕ್ಕೆ ಓಡಿಟಿ ಫೈಲಿನ ಹೆಸರಿನ ಬಾಲ ಬದಲಿಸಿ ಜಿಪ್ ಅಂತ ಮಾಡಿ ಬಿಚ್ಚಿದೆ. ಅದು ನಿಜಕ್ಕೂ ಜಿಪ್ ಗಂಟೇ. ಒಳಗೆ ಕಂಟೆಂಟ್ ಎಂಬ ಎಕ್ಸ್‌ಎಂಎಲ್ ಫೈಲು, ಸ್ಟೈಲ್ಸ್ ಎಂಬುದೊಂದು, ಮೆಟಾ ಎಂಬುದೊಂದು, ಚಿತ್ರಗಳಿಗೊಂದು ಫೋಲ್ಡರು. ಕಂಟೆಂಟ್ ತೆರೆದರೆ ಕೋನದ ಆವರಣಗಳ ಕಾಡಿನ ನಡುವೆ ದೊಡ್ಡಪ್ಪನ ವಾಕ್ಯ ಹಾಗೇ ಕನ್ನಡದಲ್ಲಿ ಕೂತಿತ್ತು: "ಆರಿದ್ರಾ ಮೂರನೇ ಪಾದ, ಹದ ಮಳೆ. ಸೇಂಗಾ ಬಿತ್ತನೆ." ಶೈಲಿಗಳ ಹೆಸರಿನಲ್ಲಿ ಖಾಲಿ ಜಾಗ ಬರುವ ಕಡೆಯೆಲ್ಲ _20_ ಅಂತ ಇತ್ತು, ಮೊದಲು ಅದನ್ನು ನೋಡಿ ಏನೋ ಕೆಟ್ಟಿದೆ ಅಂತ ಗಾಬರಿಯಾದೆ. ಓಯಸಿಸ್ ಸಂಸ್ಥೆ 2005ರಲ್ಲಿ ಓಡಿಎಫ್ ಅನ್ನು ಮಾನಕ ಅಂತ ಒಪ್ಪಿತು, 2006ರಲ್ಲಿ ಐಎಸ್‌ಒ 26300 ಅನ್ನುವ ಅಂಕಿ ಬಂತು. ಅಂದರೆ ಒಳಗೆ ಏನಿದೆ, ಯಾವುದರ ಅರ್ಥವೇನು ಅಂತ ಯಾರು ಬೇಕಾದರೂ ಓದಿಕೊಳ್ಳಬಹುದು. ನಾಳೆ ಲಿಬ್ರೆಆಫೀಸೇ ಇಲ್ಲ ಅಂದರೂ ಆ ಗಂಟು ಬಿಚ್ಚಿದವನಿಗೆ ಸೇಂಗಾ ಬಿತ್ತನೆ ಸಿಗುತ್ತದೆ.

ಇದರ ಬೆಲೆ ನನಗೆ ತಿಳಿದದ್ದು ದೊಡ್ಡಪ್ಪ ಕೊಟ್ಟ ಒಂದು ಸಿಡಿಯಿಂದ. 2003ರಲ್ಲಿ ಅವರು ಚಿತ್ರದುರ್ಗದ ಒಂದು ಡಿಟಿಪಿ ಅಂಗಡಿಯಲ್ಲಿ ಮೊದಲ ಏಳು ವರ್ಷದ ಡೈರಿ ಟೈಪ್ ಮಾಡಿಸಿದ್ದರಂತೆ. ನಾನು ಡೈರಿ ನೋಡಿ ಮತ್ತೆ ಟೈಪ್ ಮಾಡಿದ್ದೆನಾದರೂ, ಎರಡು ಡೈರಿಗಳ ಕೆಲವು ಹಾಳೆ ಗೆದ್ದಲು ಹಿಡಿದು ಹೋಗಿದ್ದವು. ಆ ಹಾಳೆಗಳ ಮಾತು ಸಿಡಿಯಲ್ಲಿ ಮಾತ್ರ ಇತ್ತು. ತೆರೆದರೆ ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕಿ, ತಲೆಗೆ ಟೋಪಿ, ಕರೆನ್ಸಿ ಗುರುತುಗಳ ಸಂತೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆಸ್ಕಿ ಫಾಂಟುಗಳ ಕಥೆ ಇದು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಫೈಲು ಏನೂ ಕೆಟ್ಟಿರಲಿಲ್ಲ, ಆದರೆ ಅದಕ್ಕೆ ತನ್ನೊಳಗಿರುವುದು ಕನ್ನಡ ಅಂತಲೇ ಗೊತ್ತಿಲ್ಲ.

ಒಂದು ಪರಿವರ್ತಕ ಹುಡುಕಿ ಯೂನಿಕೋಡ್ ಮಾಡಿದೆ. ನೂರಕ್ಕೆ ತೊಂಬತ್ತು ಪಾಲು ಸರಿ ಬಂತು. ಉಳಿದದ್ದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತಿನ ಗುರುತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ನಾಲಿಗೆಯ ಮೇಲಿನ ಕ್ರಮದಂತೆ ರಕಾರ ಮೊದಲು. ಕೆಲವು ಕಡೆ ಅದು ಜಾಗ ಬದಲಿಸದೆ "ವರ್ಷ" ಹೋಗಿ "ವಷರ್" ಆಗಿತ್ತು, "ಪುನರ್ವಸು" ಹೋಗಿ "ಪುನವರ್ಸು". ಮಳೆ ಡೈರಿಯಲ್ಲಿ ಈ ಎರಡು ಪದ ಎಷ್ಟು ಸಲ ಬರುತ್ತವೆ ಅಂತ ನೀವೇ ಊಹಿಸಿ. ಜಾಣತನ ತೋರಿಸೋಣ ಅಂತ ಪದದ ಕೊನೆಯ "ರ್" ಅನ್ನು ಹಿಂದಿನ ಅಕ್ಷರದ ಮುಂದಕ್ಕೆ ಹಾಕುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ವಷರ್ ಎಲ್ಲ ವರ್ಷ ಆಯಿತು. ಜೊತೆಗೆ "ಪವರ್ ಕಟ್" ಎಲ್ಲ "ಪರ್ವ ಕಟ್" ಆಯಿತು, "ಮೋಟರ್ ಸುಟ್ಟಿತು" ಅನ್ನುವುದು "ಮೋರ್ಟ ಸುಟ್ಟಿತು". ಸ್ಕ್ರಿಪ್ಟ್ ಅಳಿಸಿ ಕೈಯಲ್ಲೇ ಕೂತೆ.

ಪಟ್ಟಿಗಳ ವಿಷಯ. ಫೋನಿನಲ್ಲಿ ಮಳೆಯ ಪಟ್ಟಿಗಳನ್ನು ಮೊದಮೊದಲು ಖಾಲಿ ಜಾಗ ಬಿಟ್ಟು ಕಂಬ ಹೊಂದಿಸಿ ಹಾಕಿದ್ದೆ. ಇಂಗ್ಲಿಷಿನಲ್ಲಿ ಹೀಗೆ ಮಾಡಬಹುದು, ಟೈಪ್‌ರೈಟರ್ ಥರದ ಫಾಂಟಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಕನ್ನಡದಲ್ಲಿ "ಮಘ" ಅಂದರೆ ಕಣ್ಣಿಗೂ ಎರಡು, ಯಂತ್ರಕ್ಕೂ ಎರಡು. "ಕೃತ್ತಿಕೆ" ಕಣ್ಣಿಗೆ ಮೂರು ಅಕ್ಷರ, ಯಂತ್ರದ ಲೆಕ್ಕದಲ್ಲಿ ಎಂಟು ಸಂಕೇತ: ಕ, ಋ ಸ್ವರದ ಗುರುತು, ತ, ವಿರಾಮ, ತ, ಗುಡಿಸು, ಕ, ಎತ್ವ. ಇನ್ನು ಕಂಬ ಎಲ್ಲಿ ಹೊಂದುತ್ತದೆ? ನನ್ನ ಪರದೆಯ ಮೇಲೆ ನೆಟ್ಟಗಿದ್ದ ಪಟ್ಟಿ ಓಡಿಟಿಯಲ್ಲಿ ಅರ್ಧ ಪದ ಈ ಮನೆಯಲ್ಲಿ, ಉಳಿದರ್ಧ ಪಕ್ಕದ ಮನೆಯಲ್ಲಿ. ಎಲ್ಲವನ್ನೂ | ಗೆರೆ ಹಾಕಿ ಬೇರ್ಪಡಿಸುವ ಪಟ್ಟಿಗೆ ಬದಲಿಸಿದೆ. ಅದಕ್ಕೆ ಜಾಗ ಹೊಂದಿಸುವ ಹಂಗಿಲ್ಲ, ಗೆರೆಯೇ ಗೋಡೆ. ಸಾಲು ಉದ್ದವಾದಾಗ ಪ್ಯಾಂಡಾಕ್ ತಲೆಸಾಲಿನ ಕೆಳಗೆ ಹಾಕುವ ಡ್ಯಾಶ್‌ಗಳ ಉದ್ದ ನೋಡಿ ಅದೇ ಪ್ರಮಾಣದಲ್ಲಿ ಅಂಕಣದ ಅಗಲ ಇಡುತ್ತದೆ. "ಪಾದ"ಕ್ಕೆ ಮೂರು ಡ್ಯಾಶ್, "ಏನು ಬಿತ್ತಿದ್ದು" ಅನ್ನುವುದಕ್ಕೆ ಇಪ್ಪತ್ತು.

ಗಾದೆಗಳದ್ದು ಚಿಕ್ಕ ರಗಳೆ. ಒಂದರ ಕೆಳಗೊಂದು ಬರೆದಿದ್ದ ಸಾಲುಗಳನ್ನೆಲ್ಲ ಸೇರಿಸಿ ಒಂದೇ ಪ್ಯಾರಾ ಮಾಡಿಬಿಟ್ಟಿತ್ತು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಆದರೆ ಆರಿದ್ರಾ ಇಲ್ಲದಿದ್ದರೆ ದರಿದ್ರ" ಅಂತ ಒಂದೇ ಉಸಿರಿಗೆ. ಸಾಲು ಮುರಿಯುವುದು ಮಾರ್ಕ್‌ಡೌನ್ ಕಣ್ಣಿಗೆ ಬರೀ ಖಾಲಿ ಜಾಗ. ಗಾದೆಗಳ ಸಾಲಿನ ಮುಂದೆ | ಗುರುತು ಹಾಕಿದರೆ ಸಾಲು ಸಾಲಾಗಿಯೇ ಉಳಿಯುತ್ತದೆ.

ಓರೆ ಅಕ್ಷರವನ್ನು ದೊಡ್ಡಪ್ಪನೇ ತಿರಸ್ಕರಿಸಿದರು. ಮೊದಲ ಮಾದರಿ ವಾಟ್ಸಾಪಿನಲ್ಲಿ ಕಳಿಸಿದಾಗ, "ಅದ್ಯಾಕೆ ಕೆಲವು ಪದ ಗಾಳಿಗೆ ವಾಲಿದ ಜೋಳದಂಗೆ ನಿಂತಾವೆ?" ಅಂದರು. ಒಂಟಿ * ಗುರುತು ಓರೆ ಅಕ್ಷರ ಮಾಡುತ್ತದೆ, ಜೋಡಿ ** ದಪ್ಪ ಮಾಡುತ್ತದೆ. ಕನ್ನಡಕ್ಕೆ ಓರೆ ಅಕ್ಷರದ ಸಂಪ್ರದಾಯವಿಲ್ಲ, ನೆಟ್ಟಗಿನ ಅಕ್ಷರವನ್ನೇ ತಳ್ಳಿ ಬಗ್ಗಿಸಿದ್ದು ಅದು. ಎಲ್ಲಾ ಒಂಟಿಗಳನ್ನೂ ಜೋಡಿ ಮಾಡಿದೆ.

ಆಮೇಲೆ 41 ಫೈಲುಗಳನ್ನೂ ಒಟ್ಟಿಗೆ ಕೊಟ್ಟೆ. ವರ್ಷಗಳ ಫೈಲಿಗೆಲ್ಲ ವರ್ಷವೇ ಹೆಸರಾದ್ದರಿಂದ ಅವು ತಾವೇ ಕ್ರಮದಲ್ಲಿ ನಿಂತವು. ಅಡಿಟಿಪ್ಪಣಿಗಳು ಮಾತ್ರ ಕೈಕೊಟ್ಟವು. ಪ್ರತಿ ಫೈಲಿನಲ್ಲೂ ಟಿಪ್ಪಣಿಗೆ 1, 2, 3 ಅಂತ ಗುರುತು ಹಾಕಿದ್ದೆ. ಒಟ್ಟು ಸೇರಿದ ಮೇಲೆ ಎಲ್ಲಾ ವರ್ಷದ "1"ಕ್ಕೂ ಒಂದೇ ಟಿಪ್ಪಣಿ. ನಾಲ್ಕು ಬೇರೆ ಬೇರೆ ವರ್ಷಗಳ ಅಡಿಯಲ್ಲಿ ಅದೇ ಅಳಿಯನ ಹೊಲದ ಬೋರ್‌ವೆಲ್ ಬತ್ತಿದ ಸುದ್ದಿ ಓದಿ ನಕ್ಕೆ. ಒಂದೊಂದು ಫೈಲನ್ನೂ ಬೇರೆಯಾಗಿ ಓದಿಕೊಂಡು ಆಮೇಲೆ ಸೇರಿಸು ಅನ್ನುವ "ಫೈಲ್ ಸ್ಕೋಪ್" ಆಯ್ಕೆ ಇದೆ, ಕೊಟ್ಟೆ, ಸರಿಯಾಯಿತು. ಪರಿವಿಡಿಯೂ ಕೇಳಿದ್ದೆ, ತೆರೆದರೆ ಖಾಲಿ ಇತ್ತು. ಪ್ಯಾಂಡಾಕ್ ಪರಿವಿಡಿಯ ಜಾಗ ಮಾತ್ರ ಮಾಡಿಡುತ್ತದೆ, ರೈಟರಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ "ಅಪ್‌ಡೇಟ್" ಕೊಟ್ಟಾಗ ಪುಟಸಂಖ್ಯೆ ಸಮೇತ ತುಂಬಿಕೊಳ್ಳುತ್ತದೆ. ಡೈರಿ ಹಾಳೆಗಳ ನಾಲ್ಕು ಫೋಟೋ ಸೇರಿಸಿದೆ. ಎಲ್ಲಾ ಮುಗಿಯಿತು ಅಂತ ಪೆನ್ ಡ್ರೈವಿಗೆ ಹಾಕಿ, ಹಿರಿಯೂರಿಗೆ ಹೊರಟಿದ್ದ ಚಿಕ್ಕಪ್ಪನ ಮಗನ ಕೈಗೆ ಕೊಟ್ಟೆ.

ಮೂರು ದಿನ ಬಿಟ್ಟು ಫೋನ್.

"ಅಲ್ಲಪ್ಪ, ಮಾರಿಕಣಿವೆ ಮೂವತ್ನಾಲ್ಕನೇ ಇಸವೀಲೂ ಕೋಡಿ ಬಿತ್ತೇನು?"

ನನಗೆ ಅರ್ಥವಾಗಲಿಲ್ಲ. "ಇಲ್ಲ ದೊಡ್ಡಪ್ಪಾ, ಮೂವತ್ಮೂರು. ನೀವೇ ಬರೆದಿದ್ದೀರಲ್ಲ."

"ನಾನು ಬರೆದದ್ದು ನನಗೆ ಗೊತ್ತು. ನೀನು ಏನು ಬರೆದೆ ನೋಡು."

ಫೈಲು ತೆರೆದೆ. ಕೋಡಿಗಳ ಪಟ್ಟಿಯಲ್ಲಿ ವಾಣಿವಿಲಾಸ ಸಾಗರದ ತಲೆಬರಹದ ಕೆಳಗೆ ಎರಡು ಸಾಲು ಇರಬೇಕು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾದು 2022ರ ಸೆಪ್ಟೆಂಬರಿನಲ್ಲಿ 130 ಅಡಿ ತುಂಬಿ ಮತ್ತೆ ಕೋಡಿ ಬಿತ್ತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ದರು, ನಾನೂ ಹೋಗಿದ್ದೆ. ನನ್ನ ಓಡಿಟಿಯಲ್ಲಿ ಹೀಗಿತ್ತು: 1933. ಮೊದಲ ಕೋಡಿ. 1934. ಮತ್ತೆ ಕೋಡಿ, ಊರೆಲ್ಲ ನೋಡಲು ಹೋದೆವು.

ನಮ್ಮೂರ ಕೆರೆಯದ್ದು ಇನ್ನೂ ಘೋರ. ದೊಡ್ಡಪ್ಪನ ಲೆಕ್ಕದಲ್ಲಿ ನಾಲ್ಕು ಸಲವಷ್ಟೇ, ಅದೂ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಕೋಡಿ ಬಿದ್ದ ಕೆರೆ, ನನ್ನ ಫೈಲಿನಲ್ಲಿ ಸತತ ನಾಲ್ಕು ವರ್ಷ ತುಂಬಿ ಹರಿದಿತ್ತು. ಹಿರಿಯೂರು ಮಲೆನಾಡಾಗಿಬಿಟ್ಟಿತ್ತು.

ಕಾರಣ ಇಷ್ಟೇ. ಸಾಲಿನ ಮೊದಲಿಗೆ ಅಂಕಿ, ಚುಕ್ಕಿ, ಖಾಲಿ ಜಾಗ ಬಂದರೆ ಮಾರ್ಕ್‌ಡೌನ್ ಅದನ್ನು ಕ್ರಮಸಂಖ್ಯೆಯ ಪಟ್ಟಿ ಅಂತ ತಿಳಿಯುತ್ತದೆ. ಮೊದಲ ಅಂಕಿಯನ್ನು ಮಾತ್ರ ನಂಬುತ್ತದೆ, ಮುಂದಿನವನ್ನು ತಾನೇ ಒಂದೊಂದಾಗಿ ಏರಿಸಿಕೊಂಡು ಹೋಗುತ್ತದೆ. ನೀವು 2022 ಅಂತ ಬರೆದಿರಿ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. 1933 ಆದ ಮೇಲೆ 1934 ತಾನೇ? ಪಟ್ಟಿಯಲ್ಲಿ 1, 2, 3 ಅಂತ ಹಾಕುವಾಗ ನಡುವೆ ಒಂದನ್ನು ತೆಗೆದರೂ ಕ್ರಮ ತಪ್ಪದಿರಲಿ ಅಂತ ಮಾಡಿದ ಸೌಕರ್ಯ ಇದು. ಇಸವಿ ಬರೆದವನಿಗೆ ಗುಂಡಿ ತೋಡುತ್ತದೆ. ಎಚ್ಚರಿಕೆಯ ಒಂದು ಸಾಲೂ ಬಂದಿರಲಿಲ್ಲ. ಬರುವುದಾದರೂ ಹೇಗೆ, ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ.

ಫಾಂಟು ಹಾಳಾದರೆ ಕಣ್ಣಿಗೆ ಹೊಡೆಯುತ್ತದೆ, ಪಟ್ಟಿ ಒಡೆದರೆ ಕಾಣುತ್ತದೆ. ಇದು ಅಚ್ಚುಕಟ್ಟಾಗಿ, ಅಂಚು ಹೊಂದಿಸಿಕೊಂಡು, ನೋಟೊ ಸೆರಿಫಿನ 14ರ ಅಳತೆಯಲ್ಲಿ ಸುಳ್ಳು ಹೇಳಿತ್ತು. ದೊಡ್ಡಪ್ಪ ಅಲ್ಲದೆ ಬೇರೆ ಯಾರಾದರೂ ಓದಿದ್ದರೆ ನಂಬಿಬಿಡುತ್ತಿದ್ದರು. ನಾನೇ ಎರಡು ಸಲ ಆ ಪುಟ ತಿರುವಿದ್ದೆ, ತಲೆಬರಹದ ಬಣ್ಣ ನೋಡಲು.

ಚುಕ್ಕಿಯ ಹಿಂದೆ ಒಂದು ಓರೆಗೆರೆ ಹಾಕಿದರೆ, 1933\. ಅಂತ, ಅದು ಬರೀ ಚುಕ್ಕಿ ಅಂತ ಒಪ್ಪಿಕೊಳ್ಳುತ್ತದೆ. ಕೋಡಿಯ ಫೈಲಿನಲ್ಲಿ ಹಾಕಿದೆ. ಆದರೆ ಬೇರೆಲ್ಲಿ ಹೀಗಾಗಿದೆ? 39 ವರ್ಷದ ಪ್ರತಿ ಸಾಲನ್ನೂ ಕಣ್ಣಿಂದ ಹೋಲಿಸಲು ಆಗದು. ಕೊನೆಗೆ ಹೊಳೆದ ಉಪಾಯ: ಪ್ಯಾಂಡಾಕ್‌ನಿಂದಲೇ ಫೈಲುಗಳನ್ನು ಯಾವ ಗುರುತೂ ಇಲ್ಲದ ಸಾದಾ ಪಠ್ಯಕ್ಕೆ ಪರಿವರ್ತಿಸಿ, ಅದರಿಂದ ಅಂಕಿಗಳನ್ನಷ್ಟೇ ಹೆಕ್ಕಿ ತೆಗೆದೆ. ಮೂಲದಿಂದಲೂ ಅಂಕಿಗಳನ್ನಷ್ಟೇ ಹೆಕ್ಕಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಕೇಳಿದೆ. ಹುಡುಕುವ ಮೊದಲು ಅಡಿಟಿಪ್ಪಣಿಯ ಅಂಕಿಗಳನ್ನು ಬದಿಗೆ ಸರಿಸಬೇಕಾಯಿತು, ಇಲ್ಲದಿದ್ದರೆ ಅವೇ ಗದ್ದಲ. ಇನ್ನೂ ಆರು ಕಡೆ ಸಿಕ್ಕಿತು. ಐದು ಕಡೆ ತಾರೀಖು ಹೋಗಿತ್ತು: "8. ಬುಧವಾರ ರಾತ್ರಿ", "19. ಭಾನುವಾರ" ಅಂತ ಬರೆದದ್ದು 8, 9 ಆಗಿತ್ತು. ಇನ್ನೊಂದು ಈರುಳ್ಳಿ ದರ. ಅದನ್ನು ಇಲ್ಲಿ ಬರೆಯುವುದಿಲ್ಲ, ಆ ವರ್ಷ ನಿಜವಾಗಿ ಸಿಕ್ಕ ದರಕ್ಕಿಂತ ನನ್ನ ತಪ್ಪಿನ ದರವೇ ಚೆನ್ನಾಗಿತ್ತು.

ಹೊಸ ಫೈಲನ್ನು ನಾನೇ ತೆಗೆದುಕೊಂಡು ಹೋದೆ. ಚಿತ್ರದುರ್ಗ ದಾಟುವವರೆಗೆ ಬಸ್ಸಿನಲ್ಲಿ ಕೂತು ಮತ್ತೊಮ್ಮೆ ಇಸವಿಗಳನ್ನೇ ಓದಿದೆ. ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಕೂತು ಮೊದಲು ತೆರೆದದ್ದು ಕೋಡಿಯ ಪುಟ. ತಲೆಯಾಡಿಸಿದರು. ರೈಟರಿನಲ್ಲಿ ಬದಲಾವಣೆಗಳನ್ನು ದಾಖಲಿಸುವ ಸೌಲಭ್ಯ ಇದೆಯಲ್ಲ, ಅದನ್ನು ಹಚ್ಚಿಕೊಟ್ಟು, "ನೀವು ಏನು ತಿದ್ದಿದರೂ ಬಣ್ಣದಲ್ಲಿ ಕಾಣುತ್ತೆ, ಆಮೇಲೆ ನಾನು ನನ್ನ ಫೈಲಿಗೆ ಸೇರಿಸಿಕೊಳ್ತೀನಿ" ಅಂದೆ.

"ನೀನು ಯಾಕೆ ಮತ್ತೆ ಆ ಏಣಿ ಫೈಲಿಗೆ ಹೋಗ್ತೀಯ? ಇದೇ ಇರಲಿ ಬಿಡು."

ಪ್ಯಾಂಡಾಕ್ ಓಡಿಟಿಯಿಂದ ಹಿಂದಕ್ಕೂ ತಿರುಗಿಸುತ್ತದೆ. ಒಂದು ಸಲ ಮಾಡಿ ನೋಡಿದೆ. ದೊಡ್ಡಪ್ಪ ಎಂಟರ್ ಒತ್ತಿ ಒತ್ತಿ ಪುಟ ದಾಟಿಸಿದ್ದು, ಸ್ಪೇಸ್ ಒತ್ತಿ ಒತ್ತಿ ಪದವನ್ನು ಮಧ್ಯಕ್ಕೆ ತಂದದ್ದು ಎಲ್ಲ ಕಲಸಿಕೊಂಡು ಬಂತು. ಆದ್ದರಿಂದ ತಿದ್ದುಪಡಿಗಳನ್ನು ನೋಡಿಕೊಂಡು ಕೈಯಲ್ಲೇ ಮೂಲಕ್ಕೆ ಹಾಕುವುದು ಅಂತ ತೀರ್ಮಾನಿಸಿದೆ. ನಿಧಾನ, ಆದರೆ ಒಂದೊಂದು ತಿದ್ದುಪಡಿಯನ್ನೂ ಓದಿದ ಹಾಗಾಗುತ್ತದೆ. ಈಗ ಮೂಲ ನನ್ನಲ್ಲಿ, ಓಡಿಟಿ ಅವರಲ್ಲಿ. ನಡುವೆ ಪೆನ್ ಡ್ರೈವು, ಮತ್ತು ಆ ಕಡೆ ಹೋಗುವವರು ಯಾರಾದರೂ.

ಮುಂಗಾರು ಶುರುವಾದ ಮೇಲೆ ಪೆನ್ ಡ್ರೈವು ವಾಪಸ್ ಬಂತು. ಕೆಂಪು ಗುರುತುಗಳು ಎಣಿಸಿದರೆ 63. ಹೆಚ್ಚಿನವು ಕಾಗುಣಿತ. ನಾನು "ಶೇಂಗ" ಅಂತ ಹಾಕಿದ್ದ ಕಡೆಯೆಲ್ಲ "ಸೇಂಗಾ". ಎರಡು ಕಡೆ ತಮ್ಮದೇ ಹಳೇ ವಾಕ್ಯವನ್ನು ಹೊಡೆದುಹಾಕಿ, ಪಕ್ಕದ ಟಿಪ್ಪಣಿಯಲ್ಲಿ "ಆಗ ಸಿಟ್ಟಿನಲ್ಲಿ ಬರೆದದ್ದು" ಅಂತ ಬರೆದಿದ್ದರು. 2022ರ ಪುಟ ಮುಗಿದ ಮೇಲೆ, ತಲೆಬರಹದ ಶೈಲಿಯನ್ನು ತಾವೇ ಹುಡುಕಿ ಹಚ್ಚಿ, ಹೊಸದೊಂದು ಸೇರಿಸಿದ್ದರು: 2023. ಅದರ ಕೆಳಗೆ ಒಂದು ಸಾಲು: "ರೋಹಿಣಿ ಎರಡನೇ ಪಾದ. ಸಂಜೆ ಗುಡುಗು ಜೋರು, ಮಳೆ ಹನಿ ಮಾತ್ರ."

ನಲವತ್ತೆರಡನೇ ಫೈಲು ತೆರೆದು, ಏಣಿ ಗುರುತು ಹಾಕಿ, ಅದನ್ನು ಟೈಪ್ ಮಾಡಿದೆ.